ಶುಕ್ರವಾರದ ರೇಜರ್

ಲೋಧಿ ಕಾಲೋನಿಯ ನಮ್ಮ ಸರ್ಕಾರಿ ಮನೆಯಲ್ಲಿ ಎರಡು ಕನ್ನಡಿಗಳಿದ್ದವು. ಒಂದು ಮಲಗುವ ಕೋಣೆಯ ಬೀರುವಿನ ಬಾಗಿಲಿನದು. ಅಂಚೆಲ್ಲ ಕಪ್ಪುಗಟ್ಟಿ, ನಡುವೆ ಒಂದು ಬಿರುಕು ಬಿಟ್ಟು, ಎದುರು ನಿಂತವರ ಮೂಗು ಒಂದು ಕಡೆ ಬಾಯಿ ಇನ್ನೊಂದು ಕಡೆ ಕಾಣುತ್ತಿತ್ತು. ಅದು ನನಗೂ ಅಮ್ಮನಿಗೂ ಸೇರಿದ್ದು. ಇನ್ನೊಂದು ಹಿಂದಿನ ವರಾಂಡದಲ್ಲಿ, ಬೇಸಿನ್ನಿನ ಮೇಲೆ, ಬೆಳಗಿನ ಬೆಳಕು ನೇರವಾಗಿ ಬೀಳುವ ಜಾಗದಲ್ಲಿತ್ತು. ಅದು ಅಪ್ಪನದು. ಅದರ ಕೆಳಗೊಂದು ಗಾಜಿನ ಹಲಗೆ, ಹಲಗೆಯ ಮೇಲೆ ಅಪ್ಪನ ಶೇವಿಂಗ್ ಸಾಮಾನು. ದೇವರ ಗೂಡನ್ನಾದರೂ ಹಬ್ಬಕ್ಕೆ ನಾನು ಒರೆಸುತ್ತಿದ್ದೆ, ಆ ಹಲಗೆಯನ್ನು ಮಾತ್ರ ಯಾರೂ ಮುಟ್ಟುವಂತಿರಲಿಲ್ಲ. ಅಪ್ಪನೇ ಒರೆಸಿಕೊಳ್ಳುತ್ತಿದ್ದರು, ಅದಕ್ಕೆಂದೇ ಬೇರೆ ಇಟ್ಟಿದ್ದ ಮೆತ್ತನೆ ಬಟ್ಟೆಯಲ್ಲಿ. ಈಗ ನೆನೆದರೂ ಮೈ ಉರಿಯುತ್ತದೆ. ಅಡುಗೆಮನೆಯ ಕಿಟಕಿ ಗಾಜು ಒಡೆದು ದೆಹಲಿಯ ಚಳಿಗಾಳಿ ಅಮ್ಮನ ಬೆನ್ನಿಗೆ ಬಡಿಯುತ್ತಿದ್ದಾಗ, ಅದಕ್ಕೊಂದು ರಟ್ಟು ಸಿಕ್ಕಿಸಿ ಎರಡು ಚಳಿಗಾಲ ಕಳೆದ ಮನುಷ್ಯ ಅವರು.

ಅಪ್ಪ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್ ಆಗಿದ್ದರು. ಕುಡಿಯುತ್ತಿರಲಿಲ್ಲ, ಸೇದುತ್ತಿರಲಿಲ್ಲ, ಇಸ್ಪೀಟು ಮುಟ್ಟುತ್ತಿರಲಿಲ್ಲ. ಬಂದವರೆಲ್ಲ ಅಮ್ಮನಿಗೆ ‘ನೀವು ಪುಣ್ಯ ಮಾಡಿದ್ರಿ’ ಎನ್ನುತ್ತಿದ್ದರು. ಅಪ್ಪನಿಗಿದ್ದದ್ದು ಒಂದೇ ಹುಚ್ಚು, ತಮ್ಮ ಮುಖದ್ದು. ಕನ್ನಾಟ್ ಪ್ಲೇಸಿನಿಂದ, ಚಾಂದನಿ ಚೌಕದಿಂದ, ವಿದೇಶಕ್ಕೆ ಹೋಗಿಬರುವ ಮೇಲಧಿಕಾರಿಗಳಿಗೆ ಹಲ್ಲುಗಿಂಜಿ, ಅಪ್ಪ ತರಿಸುತ್ತಿದ್ದ ಸಾಮಾನಿಗೆ ಲೆಕ್ಕವಿಲ್ಲ. ತುದಿ ಬಿಳಿ, ನಡು ಕಪ್ಪು ಕೂದಲಿನ ಬ್ರಷ್ಷು ಬಂತು. ಒದ್ದೆಯಾದರೆ ಕುರಿಮಂದೆಯ ವಾಸನೆ ಹೊಡೆದು, ಕೂದಲು ಉದುರಿ ಅಪ್ಪನ ಕೆನ್ನೆಗೇ ಅಂಟುತ್ತಿತ್ತು. ಮರದ ಬಟ್ಟಲಿನಲ್ಲಿ ದುಂಡನೆಯ ಸೋಪು ಬಂತು. ನೊರೆಯೇ ಏಳದೆ ಅಪ್ಪ ಅದರೊಂದಿಗೆ ಕಾಲು ಗಂಟೆ ಗುದ್ದಾಡುತ್ತಿದ್ದರು. ಹಚ್ಚಿದ ಕೂಡಲೆ ಅಪ್ಪ ಒಂಟಿ ಕಾಲಲ್ಲಿ ಕುಣಿಯುವಂತೆ ಮಾಡುವ ಹಸಿರು ಬಾಟಲಿಯ ಲೋಷನ್ನು ಬಂತು. ಹಿಡಿಯೇ ಒಂದು ಸಣ್ಣ ಸುತ್ತಿಗೆಯಷ್ಟು ತೂಗುವ ಜರ್ಮನ್ ರೇಜರ್ ಬಂತು. ಎರಡನೇ ದಿನವೇ ಗಲ್ಲದ ಕೆಳಗೆ ಕೊಯ್ದುಕೊಂಡರು. ಪ್ರತಿಯೊಂದಕ್ಕೂ ಮೊದಲ ವಾರ ಹೊಗಳಿಕೆ, ಎರಡನೇ ವಾರ ಮೌನ, ಮೂರನೇ ವಾರ ಅದೇ ಮಾತು.

“ಮೋಸ ಹೋದೆ ಕಣೇ ಲಲಿತಾ. ಶುದ್ಧ ಮೋಸ.”

“ಅದಕ್ಕೇನೀಗ? ಉಪ್ಪಿಟ್ಟು ಆರ್ತಾ ಇದೆ, ಬನ್ನಿ.”

“ನಿಂಗೆ ಉಪ್ಪಿಟ್ಟೇ ದೊಡ್ಡದು. ನನ್ನ ಮುಖ ನೋಡು, ಹೆಂಗಾಗಿದೆ!”

ಅಮ್ಮ ನೋಡುತ್ತಿದ್ದಳು. ನಾನೂ ನೋಡಬೇಕಿತ್ತು. ಆ ಮುಖದ ಒಂದೊಂದು ಕೆಂಪು ಗುಳ್ಳೆಯ ಕಥೆ ಕೇಳಿಕೊಂಡು, ಸ್ಕೂಲ್ ಬಸ್ಸಿಗೆ ಹೊತ್ತಾಗುತ್ತಿದ್ದರೂ ಬೇಸಿನ್ ಬಿಟ್ಟುಕೊಡಿ ಎನ್ನದೆ, ಬಾಯಲ್ಲಿ ಪೇಸ್ಟಿನ ನೊರೆ ತುಂಬಿಕೊಂಡು ಬಾಗಿಲಲ್ಲಿ ನಿಂತಿರಬೇಕಿತ್ತು. ಬೇಡವಾದ ಸಾಮಾನನ್ನು ಅಪ್ಪ ಬಿಸಾಡುತ್ತಿರಲಿಲ್ಲ, ಯಾರಿಗೂ ಕೊಡುತ್ತಲೂ ಇರಲಿಲ್ಲ. ಮಂಚದ ಕೆಳಗೆ ದೊಡ್ಡದೊಂದು ಬಿಸ್ಕತ್ತಿನ ತಗಡಿನ ಡಬ್ಬವಿತ್ತು, ಅದಕ್ಕೆ ಹಾಕುತ್ತಿದ್ದರು. ಹಾಕಿದ ಮೇಲೆ ಮತ್ತೆ ಅದರ ಮುಚ್ಚಳ ತೆಗೆದು ನೋಡಿದವರಲ್ಲ. ಅಮ್ಮ ಆ ಡಬ್ಬಕ್ಕೆ ‘ಸ್ಮಶಾನ’ ಎಂದು ಹೆಸರಿಟ್ಟಿದ್ದಳು. ಅವಳು ತಮಾಷೆ ಮಾಡುತ್ತಿದ್ದದ್ದೇ ಅಪರೂಪ, ಅದಕ್ಕೇ ನೆನಪಿದೆ.

ಮಂಗಳವಾರ ಮತ್ತು ಶುಕ್ರವಾರ ಮಾತ್ರ ಹಿಂದಿನ ವರಾಂಡಕ್ಕೆ ಬಿಡುಗಡೆ. ಆ ಎರಡು ದಿನ ಗಂಡಸರು ಕ್ಷೌರ ಮಾಡಿಕೊಳ್ಳಬಾರದೆಂದು ಊರಿನಿಂದ ತಂದ ನಿಯಮ. ಎಷ್ಟು ದೊಡ್ಡ ಸಾಹೇಬರ ಜೊತೆ ಮೀಟಿಂಗ್ ಇದ್ದರೂ ಅಪ್ಪ ಕುರುಚಲು ಗಡ್ಡದಲ್ಲೇ ಹೋಗುತ್ತಿದ್ದರು. ಶುಕ್ರವಾರವಂತೂ ಮನೆಯಲ್ಲಿ ಚಾಕು, ಕತ್ತರಿ, ಬ್ಲೇಡು ಯಾವುದಕ್ಕೂ ಉಗುರು ಕೂದಲು ಸೋಕುವಂತಿರಲಿಲ್ಲ. ಲಕ್ಷ್ಮಿ ಬರುವ ದಿನ. ಬೆಳಿಗ್ಗೆ ಐದಕ್ಕೆ ನಲ್ಲಿಯಲ್ಲಿ ನೀರು ಸುಂಯ್‌ಗುಟ್ಟುತ್ತಿದ್ದಂತೆ ಅಮ್ಮ ಎದ್ದು, ಬಕೆಟ್ಟಿಗೆ ಇಮ್ಮರ್ಷನ್ ರಾಡು ಇಳಿಬಿಟ್ಟು, ಎಣ್ಣೆನೀರು ಹಾಕಿಕೊಳ್ಳಲು ಬಚ್ಚಲು ಸೇರಿದರೆ ಅರ್ಧ ಗಂಟೆ ಬರುತ್ತಿರಲಿಲ್ಲ. ಬಂದಾಗ ಒದ್ದೆ ಕೂದಲಿಗೆ ಟವೆಲ್ ಸುತ್ತಿ, ಕೆನ್ನೆಗೆ ಅರಿಶಿನ, ಹಣೆಗೆ ಕುಂಕುಮ, ಮುಖ ತೊಳೆದಿಟ್ಟ ತಾಮ್ರದ ಚೊಂಬಿನ ಹಾಗೆ ಹೊಳೆಯುತ್ತಿತ್ತು. ಅಂಥ ಮುಖ ನನಗೂ ಬೇಕು ಎಂದು ಎಷ್ಟು ಆಸೆಪಟ್ಟಿದ್ದೇನೋ. ಶುಕ್ರವಾರದ ಹೆಸರುಬೇಳೆ ಪಾಯಸಕ್ಕಿಂತ ನನಗೆ ಅಮ್ಮನ ಆ ಕೆನ್ನೆಯ ಮೇಲೇ ಕಣ್ಣು.

ಯಾಕೆಂದರೆ ನನಗೆ ಹದಿಮೂರು ತುಂಬುವ ಹೊತ್ತಿಗೆ ಮೀಸೆ ಬಂದಿತ್ತು. ನಯವಾದ ಮಾತು ಬೇಡ, ಮೀಸೆಯೇ. ಮೇಲ್ದುಟಿಯ ಮೇಲೆ ಕಪ್ಪು ನೆರಳು, ಗಲ್ಲದ ಕೆಳಗೆ ಏಳೆಂಟು ದಪ್ಪ ಕೂದಲು. ಬಸ್ಸಿನ ಹಿಂದಿನ ಸೀಟಿನ ಹುಡುಗರು ‘ಮೂಛ್‌ವಾಲಿ ಆ ಗಯೀ’, ಮೀಸೆಯವಳು ಬಂದಳು ಎಂದು ಹಾಡುತ್ತಿದ್ದರು. ಹುಡುಗಿಯರು ಇನ್ನೂ ವಾಸಿ, ಹಾಡುತ್ತಿರಲಿಲ್ಲ, ನನ್ನ ಕಣ್ಣನ್ನು ಬಿಟ್ಟು ತುಟಿಯನ್ನು ನೋಡಿಕೊಂಡು ಮಾತಾಡುತ್ತಿದ್ದರು. ನಾನು ಅಳುತ್ತಾ ಬಂದರೆ ಅಮ್ಮನ ಹತ್ತಿರ ಇದ್ದದ್ದು ಒಂದೇ ಔಷಧಿ, ಕಸ್ತೂರಿ ಅರಿಶಿನ. ಊರಿನಿಂದ ಬರುವವರ ಕೈಯಲ್ಲೆಲ್ಲ ತರಿಸಿ, ಕಡಲೆಹಿಟ್ಟಿನ ಜೊತೆ ಕಲಸಿ, ನನ್ನ ತುಟಿಗೂ ಗಲ್ಲಕ್ಕೂ ಚರ್ಮ ಸುಲಿಯುವ ಹಾಗೆ ಉಜ್ಜುತ್ತಿದ್ದಳು. ಒಂದು ಸಲ ಅದು ಮುಗಿದು, ಮಾರ್ಕೆಟ್ಟಿನ ದಿನಸಿ ಅಂಗಡಿಯ ಪನ್ಸಾರಿ ಭಯ್ಯಾ ‘ಕಸ್ತೂರಿ ಹೀ ಹೈ ಬೆಹನ್‌ಜೀ’ ಎಂದು ಆಣೆ ಹಾಕಿ ಕೊಟ್ಟದ್ದನ್ನು ಹಚ್ಚಿದಳು. ಅದು ಸಾರಿಗೆ ಹಾಕುವ ಅರಿಶಿನ. ನಾಲ್ಕು ದಿನ ತೊಳೆದರೂ ಹೋಗಲಿಲ್ಲ. ಹಳದಿ ಮುಖ, ಅದರ ಮೇಲೆ ಕಪ್ಪು ಮೀಸೆ, ಇನ್ನೂ ಎದ್ದು ಕಾಣುವ ಹಾಗೆ. ಅದೇ ಮುಖದಲ್ಲಿ ನಾನು ಬಸ್ಸು ಹತ್ತಿದೆ.

“ಅಮ್ಮ, ಅಪ್ಪನ ಬ್ಲೇಡಲ್ಲಿ ಒಂದೇ ಒಂದು ಸಲ ತೆಗೆದುಬಿಡ್ಲಾ?”

“ಬಾಯಿ ಮುಚ್ಚು! ಹೆಣ್ಣುಮಕ್ಕಳು ಬ್ಲೇಡು ತಾಗಿಸ್ತಾರಾ ಮುಖಕ್ಕೆ? ಒಂದು ಸಲ ತಾಗಿಸಿದ್ರೆ ಮುಗೀತು, ಗಂಡಸರ ಥರ ಗಟ್ಟಿ ಬರತ್ತೆ.”

“ಮತ್ತೆ ಅರಿಶಿನದಲ್ಲಿ ಹೋಗ್ತಾನೇ ಇಲ್ವಲ್ಲ!”

“ಹೋಗತ್ತೆ. ನಂಬಿಕೆಯಿಟ್ಟು ಹಚ್ಚು. ನನ್ನ ಮುಖ ನೋಡು, ಏನಾದ್ರೂ ಇದೆಯಾ?”

ಈ ಮಾತನ್ನು ಮರೆಯಬೇಡಿ. ನಾನಂತೂ ಮರೆತಿಲ್ಲ. ನನ್ನ ಮುಖ ನೋಡು, ಏನಾದ್ರೂ ಇದೆಯಾ ಎಂದಳು ನನ್ನ ಹೆತ್ತ ತಾಯಿ. ನಾನು ನೋಡಿದೆ. ಏನೂ ಇರಲಿಲ್ಲ. ನನ್ನ ನಂಬಿಕೆಯಲ್ಲೇ ಏನೋ ಐಬಿದೆ ಎಂದುಕೊಂಡು ಇನ್ನೂ ಬಿರುಸಾಗಿ ಉಜ್ಜಿಕೊಂಡೆ.

ಅಪ್ಪನಿಗೆ ಇದಾವುದೂ ಕಾಣುತ್ತಿರಲಿಲ್ಲ ಎನ್ನುವಂತಿಲ್ಲ. ತಮ್ಮ ಗಲ್ಲದ ಒಂದು ಕೂದಲು ತಪ್ಪಿಹೋಗಿದ್ದರೆ ಕನ್ನಡಿಗೆ ಮೂಗು ತಾಗಿಸಿ ಹುಡುಕುವವರಿಗೆ ಎದುರಿಗೆ ಕೂತು ಊಟ ಮಾಡುವ ಮಗಳ ಮುಖ ಕಾಣುವುದಿಲ್ಲವೇ? ಕಾಣುತ್ತಿತ್ತು. ಒಮ್ಮೆ ಊಟದ ನಡುವೆ ಹುಳಿಯ ಸೌಟು ಕೈಯಲ್ಲೇ ಹಿಡಿದು ನನ್ನನ್ನು ನೋಡಿ, ‘ಇವಳಿಗೇನಾದ್ರೂ ಮಾಡೇ’ ಎಂದು ಅಮ್ಮನಿಗೆ ಹೇಳಿ, ಹುಳಿ ಬಡಿಸಿಕೊಂಡರು. ಅಷ್ಟೇ. ಅವರ ಪಾಲಿನ ಕರ್ತವ್ಯ ಮುಗಿಯಿತು. ಆ ವಾರವೇ ಅವರಿಗೆ ಹೊಸದೊಂದು ಕ್ರೀಮು ಬಂದಿತ್ತು, ಶ್ರೀಗಂಧದ್ದಂತೆ.

ಆ ವರ್ಷ ಗಣೇಶನ ಹಬ್ಬಕ್ಕೆ ಕಾಲೋನಿಯ ಕನ್ನಡದ ಮನೆಗಳವರೆಲ್ಲ ಸೇರಿ ಮಕ್ಕಳಿಂದ ಒಂದು ಸ್ವಯಂವರದ ನಾಟಕ ಆಡಿಸಬೇಕೆಂದಾಯಿತು. ಆಡಿಸುವವರು ಅಪ್ಪನ ಆಫೀಸಿನವರೇ ಆದ ಶಾಮಣ್ಣ ಅಂಕಲ್. ದೆಹಲಿಯಲ್ಲಿ ಹುಟ್ಟಿದ ನಮ್ಮಲ್ಲಿ ಕನ್ನಡ ನೆಟ್ಟಗೆ ಹೇಳಬಲ್ಲವರು ಇಬ್ಬರೋ ಮೂವರೋ. ಉಳಿದವರು ‘ಮಹಾರಾಜ್, ನೀವು ಆಯಿಯೇ’ ಎನ್ನುವ ಪೈಕಿ. ನನಗೆ ಇಡೀ ನಾಟಕ ಬಾಯಿಪಾಠ ಬರುತ್ತಿತ್ತು. ರಾಜಕುಮಾರಿಯ ಮಾತನ್ನು ಬೀರುವಿನ ಒಡಕು ಕನ್ನಡಿಯ ಎದುರು ಒಂದು ವಾರ ಹೇಳಿಕೊಂಡಿದ್ದೆ. ಗುರುವಾರ ಸಂಜೆ ಶಾಮಣ್ಣ ಅಂಕಲ್ ಮನೆಯಲ್ಲಿ ಪಾತ್ರ ಹಂಚಿದರು. ಹತ್ತು ಹನ್ನೆರಡು ಮಕ್ಕಳು, ಗೋಡೆಗೊರಗಿ ಕೂತ ತಾಯಂದಿರು, ಅವರ ನಡುವೆ ಅಮ್ಮ, ತಟ್ಟೆ ತುಂಬ ಕೋಡುಬಳೆ. ರಾಜಕುಮಾರಿ ಪಾತ್ರ ಅಂಕಲ್ ಮಗಳಿಗೇ ಹೋಯಿತು. ಸಖಿಯರ ಪಾತ್ರ ಇನ್ನಿಬ್ಬರಿಗೆ. ನನ್ನ ಕಡೆ ತಿರುಗಿ ಅಂಕಲ್ ಹೇಳಿದರು:

“ನೀನು ದ್ವಾರಪಾಲಕ ಕಣಮ್ಮ. ನಿಂಗೆ ಮೀಸೆ ಅಂಟಿಸೋ ಕೆಲಸಾನೂ ಇಲ್ಲ, ಅಚ್ಛಾ ಹೈ!”

ಎಲ್ಲರೂ ನಕ್ಕರು. ಕೋಡುಬಳೆ ಬಾಯಲ್ಲಿಟ್ಟುಕೊಂಡು ನಕ್ಕರು. ನಾನು ಅಮ್ಮನ ಕಡೆ ನೋಡಿದೆ. ಅವಳು ಒಂದು ಮಾತು ಆಡಬಹುದಿತ್ತು. ಎದ್ದು ನನ್ನ ಕೈ ಹಿಡಿದು ಹೊರಗೆ ಕರೆದುಕೊಂಡು ಹೋಗಬಹುದಿತ್ತು. ಅವಳು ತಲೆ ತಗ್ಗಿಸಿ ಸೆರಗಿನ ಅಂಚು ಮಡಿಸುತ್ತಾ ಕೂತಳು. ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ಮನೆಗೆ ಬರುವ ದಾರಿಯುದ್ದಕ್ಕೂ, ಬೇವಿನ ಮರಗಳ ಕೆಳಗೆ, ನಾನು ಅವಳಿಗಿಂತ ಹತ್ತು ಹೆಜ್ಜೆ ಮುಂದೆ ನಡೆದೆ.

ಮಾರನೆಯ ದಿನ ಶುಕ್ರವಾರ. ಅಮ್ಮನ ಎಣ್ಣೆನೀರು ಆಗಿತ್ತು, ಅಡುಗೆಮನೆಯಲ್ಲಿದ್ದಳು. ಅಪ್ಪ ದೇವರ ಮುಂದೆ ಮಂತ್ರ ಹೇಳುತ್ತಿದ್ದರು. ಹಲಗೆಯ ಮೇಲಿನದನ್ನು ಮುಟ್ಟಿದರೆ ಅಪ್ಪನಿಗೆ ತಕ್ಷಣ ತಿಳಿಯುತ್ತದೆ, ಡಬ್ಬದಲ್ಲಿರುವುದನ್ನು ಯಾರು ಕೇಳುತ್ತಾರೆ ಎಂದು ಲೆಕ್ಕ ಹಾಕಿ ಮಂಚದ ಕೆಳಗೆ ತೂರಿದೆ. ಮುಚ್ಚಳ ತೆಗೆದರೆ ತುಕ್ಕಿನ ವಾಸನೆ, ಗಂಟುಗಟ್ಟಿದ ಕ್ರೀಮಿನ ವಾಸನೆ. ರೇಜರುಗಳೆಲ್ಲ ಹಸಿರುಗಟ್ಟಿದ್ದವು. ತಳದಲ್ಲಿ ಒಂದು ಬಟ್ಟೆಯ ಸುತ್ತು ಸಿಕ್ಕಿತು. ಬಿಚ್ಚಿದರೆ ಆ ಜರ್ಮನ್ ರೇಜರ್, ಆಗ ತಾನೇ ಉಜ್ಜಿಟ್ಟಂತೆ ಫಳಫಳ. ಬಟ್ಟೆಯೂ ರೇಜರೂ ಒದ್ದೆಯಾಗಿದ್ದವು. ಯಾಕೆ ಒದ್ದೆ ಎಂದು ಯೋಚಿಸುವಷ್ಟು ತಾಳ್ಮೆ ನನಗೆಲ್ಲಿತ್ತು? ಫ್ರಾಕಿನಲ್ಲಿ ಮುಚ್ಚಿಕೊಂಡು ಬಚ್ಚಲಿಗೆ ಓಡಿದೆ. ಅದರಲ್ಲಿದ್ದದ್ದು ಅಪ್ಪ ಬಳಸಿ ಬಿಟ್ಟ ಹಳೇ ಬ್ಲೇಡು. ಅಂಥವನ್ನು ಅವರು ಬೆಂಕಿಪೊಟ್ಟಣದಲ್ಲಿ ಹಾಕಿಡುತ್ತಿದ್ದರು, ಅಮ್ಮ ಅವನ್ನು ರವಿಕೆಯ ಹೊಲಿಗೆ ಬಿಚ್ಚಲು ತೆಗೆದುಕೊಳ್ಳುತ್ತಿದ್ದಳು. ಮೈಸೋಪು ತಿಕ್ಕಿಕೊಂಡು ತುಟಿಯ ಮೇಲೆ ಎಳೆದೆ. ಎಡಗಡೆ ಚೆನ್ನಾಗಿಯೇ ಬಂತು. ಬಲಗಡೆ ಮೂಗಿನ ಕೆಳಗೆ ಚುರುಕ್ ಎಂದಿತು. ರಕ್ತ ನಿಲ್ಲಲಿಲ್ಲ. ನೀರು ಹಾಕಿದಷ್ಟೂ ಹರಿಯಿತು. ಆದರೂ ಹೇಳುತ್ತೇನೆ, ಬಚ್ಚಲಿನ ಗೋಡೆಯ ಸ್ಟೀಲ್ ಹಿಡಿಯಲ್ಲಿ ನನ್ನ ಮುಖ ಕಂಡಾಗ, ರಕ್ತದ ನಡುವೆಯೂ, ಎಷ್ಟು ಖುಷಿಯಾಯಿತೆಂದರೆ ನಾನು ನಕ್ಕೆ.

ಬಾಗಿಲು ತೆಗೆದರೆ ಅಮ್ಮ ಎದುರಿಗೇ ನಿಂತಿದ್ದಳು. ನನ್ನ ಮುಖ ನೋಡಿದಳು, ಕೈಯಲ್ಲಿದ್ದ ರೇಜರ್ ನೋಡಿದಳು, ಅದಕ್ಕೆ ಸುತ್ತಿದ್ದ ಬಟ್ಟೆ ನೋಡಿದಳು. ಫಟೀರೆಂದು ಕೆನ್ನೆಗೆ ಬಿತ್ತು. ಅಮ್ಮ ನನಗೆ ಹೊಡೆದದ್ದು ಅದೇ ಮೊದಲು.

“ಶುಕ್ರವಾರ! ಶುಕ್ರವಾರ ಬ್ಲೇಡು ಹಿಡೀತೀಯಾ? ಮನೆ ಹಾಳಾಗಿ ಹೋಗ್ಲಿ ಅಂತಾನಾ? ಇಡು ಅದನ್ನ, ಎಲ್ಲಿತ್ತೋ ಅಲ್ಲೇ ಇಡು!”

ಗಲಾಟೆ ಕೇಳಿ ಅಪ್ಪ ಮಡಿಪಂಚೆಯಲ್ಲೇ ಎದ್ದು ಬಂದರು. ನನ್ನ ತುಟಿಯಿಂದ ರಕ್ತ ಗಲ್ಲಕ್ಕೆ ಇಳಿದು ಫ್ರಾಕಿನ ಕಾಲರಿಗೆ ತೊಟ್ಟಿಕ್ಕುತ್ತಿತ್ತು. ಅವರ ಕಣ್ಣು ಹೋದದ್ದು ರೇಜರಿನ ಮೇಲೆ. ಕೈಯಿಂದ ಕಿತ್ತುಕೊಂಡು, ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದರು.

“ಇದು ನಾನು ಎಂದೋ ಡಬ್ಬಕ್ಕೆ ಹಾಕಿದ್ದಲ್ವಾ? ಇಷ್ಟು ಕ್ಲೀನಾಗಿದೆ. ಯಾರು ತೊಳೆದದ್ದು? ನೀನು ಎಷ್ಟು ದಿನದಿಂದ ಈ ಕೆಲಸ ನಡೆಸಿದ್ದೀಯ?”

“ಇವತ್ತೇ ಮೊದಲು.”

“ಸುಳ್ಳು ಹೇಳ್ಬೇಡ.”

ಇಲ್ಲಿ ನಾನು ಪ್ರಾಮಾಣಿಕಳಾಗಿರಬೇಕು. ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡದ್ದು, ಪಾಪ, ಚಿಕ್ಕ ಹುಡುಗಿ, ತಿಳಿಯದೆ ಬಾಯಿಬಿಟ್ಟಳು ಎಂದು. ಅದು ಸುಳ್ಳು. ಆ ಬಟ್ಟೆ ಅಮ್ಮನ ಹಳೇ ಗಿಳಿಹಸಿರು ರವಿಕೆಯ ತುಂಡು. ಅದನ್ನು ಬಚ್ಚಲಲ್ಲೇ ಗುರುತಿಸಿದ್ದೆ. ಕೆನ್ನೆಗೆ ಏಟು ಬಿದ್ದ ಕ್ಷಣದಲ್ಲಿ ಎಲ್ಲವೂ ಕೂಡಿಕೊಂಡಿತು. ಅರ್ಧ ಗಂಟೆಯ ಎಣ್ಣೆನೀರು, ತಾಮ್ರದ ಚೊಂಬಿನಂಥ ಕೆನ್ನೆ, ರವಿಕೆ ಹೊಲಿಗೆಗೆ ಬೇಕಾದ ಅಷ್ಟೊಂದು ಬ್ಲೇಡು. ನನ್ನ ಮುಖ ನೋಡು, ಏನಾದ್ರೂ ಇದೆಯಾ. ಅಮ್ಮನ ಕಣ್ಣಲ್ಲೇ ಕಣ್ಣಿಟ್ಟು, ಒಂದೊಂದೇ ಪದ ಬಿಡಿಸಿ ಹೇಳಿದೆ:

“ನಾನು ತಗೊಂಡಾಗಲೇ ಅದು ಒದ್ದೆ ಇತ್ತಪ್ಪ. ಬೆಳಿಗ್ಗೆ ಯಾರೋ ಉಪಯೋಗಿಸಿದ್ರು.”

ಅಪ್ಪ ರವಿಕೆಯ ತುಂಡನ್ನು ನೋಡಿದರು. ಅಮ್ಮನನ್ನು ನೋಡಿದರು. ಅಮ್ಮನ ಕೈ ತಾನಾಗಿಯೇ ಮೇಲೆದ್ದು ಸೆರಗನ್ನು ಗಲ್ಲಕ್ಕೆ ಒತ್ತಿಕೊಂಡಿತು. ಅಪ್ಪ ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ನಕ್ಕರು. ಹೊಟ್ಟೆ ಹಿಡಿದುಕೊಂಡು, ಜನಿವಾರ ಕುಣಿಯುವ ಹಾಗೆ ನಕ್ಕರು.

“ಈ ಮನೇಲಿ ಗಂಡಸು ನಾನೊಬ್ನೇ ಅಂದ್ಕೊಂಡಿದ್ದೆ. ಮೂರು ಜನ ಇದ್ದೀವಲ್ಲೇ ಲಲಿತಾ!”

ಅಮ್ಮ ಒಳಗೆ ಹೋಗಿ ಒಲೆ ಸಣ್ಣಗೆ ಮಾಡಿದಳು. ಪಾಯಸ ತಳ ಹಿಡಿದಿತ್ತು, ಅದನ್ನೇ ಬಡಿಸಿದಳು, ಅದನ್ನೇ ತಿಂದೆವು. ಅಪ್ಪ ರೇಜರನ್ನು ಅದೇ ಬಟ್ಟೆಯಲ್ಲಿ ಸುತ್ತಿ ಡಬ್ಬದೊಳಗೆ ಹಾಕಿ, ಡಬ್ಬಕ್ಕೆ ಕೊಂಡಿ ಬಡಿಸಿ ಬೀಗ ಜಡಿದು ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡರು. ಅಷ್ಟಕ್ಕೇ ನಿಲ್ಲಿಸಿದರೇ? ಇಲ್ಲ. ಆ ಮೂರು ಗಂಡಸರ ಮಾತು ಅವರಿಗೆ ಭಾರಿ ಹಿಡಿಸಿಬಿಟ್ಟಿತು. ಶಾಮಣ್ಣ ಅಂಕಲಿಗೆ ಹೇಳಿದರು, ಊರಿನಿಂದ ಬಂದ ನೆಂಟರಿಗೆ ಹೇಳಿದರು, ಅಮ್ಮ ಕಾಫಿ ತಂದಿಟ್ಟು ಎದುರಿಗೇ ನಿಂತಿರುವಾಗ ಹೇಳಿದರು. ಕೊಂಡ ಒಂದೊಂದು ಬ್ರಷ್ಷಿಗೂ ಸೋಪಿಗೂ ವಾರಗಟ್ಟಲೆ ಪಶ್ಚಾತ್ತಾಪ ಪಟ್ಟ ಮನುಷ್ಯ ಆ ಒಂದು ಮಾತಿಗೆ ಸಾಯುವವರೆಗೂ ಪಶ್ಚಾತ್ತಾಪ ಪಡಲಿಲ್ಲ. ನಾನು ದ್ವಾರಪಾಲಕನ ಪಾತ್ರ ಮಾಡಿದೆ, ತುಟಿಯ ಮೇಲೆ ಹಕ್ಕಳೆಗಟ್ಟಿದ ಗಾಯ ಇಟ್ಟುಕೊಂಡೇ. ನಾಟಕಕ್ಕೆ ಅಮ್ಮ ಬರಲಿಲ್ಲ. ತಲೆನೋವು ಎಂದಳು.

ಅಂದಿನಿಂದ ಅಮ್ಮ ಬ್ಲೇಡು ಹಿಡಿಯಲಿಲ್ಲ. ಗಲ್ಲದಲ್ಲಿ ಕೂದಲು ಬಂತು, ಮೊದಲು ಕಪ್ಪು, ಆಮೇಲೆ ಬಿಳಿ. ಅದರ ಬದಲು ಅವಳಿಗೊಂದು ಅಭ್ಯಾಸ ಬಂತು. ಯಾರ ಹತ್ತಿರ ಮಾತಾಡುವಾಗಲೂ ಬಲಗೈಯಲ್ಲಿ ಸೆರಗು ಹಿಡಿದು ಗಲ್ಲ ಮುಚ್ಚಿಕೊಳ್ಳುವುದು. ನನ್ನ ಮದುವೆಯ ಆಲ್ಬಮ್ ತೆಗೆದು ನೋಡಿ, ಒಂದು ಫೋಟೋದಲ್ಲೂ ಅವಳ ಗಲ್ಲವಿಲ್ಲ. ನೋಡಿದವರು ಎಷ್ಟು ನಾಚಿಕೆ ಸ್ವಭಾವ, ಹಳೇ ಕಾಲದ ಹೆಂಗಸರೇ ಹಾಗೆ ಎನ್ನುತ್ತಾರೆ. ಹಳೇ ಕಾಲವೂ ಅಲ್ಲ, ಮಣ್ಣೂ ಅಲ್ಲ. ಅದು ನಾನು ಮಾಡಿದ್ದು, ಅಪ್ಪ ಮಾಡಿದ್ದು.

ನನ್ನ ಕಥೆ ಕೇಳುವುದಾದರೆ, ದೆಹಲಿಯ ರೋಹಿಣಿ ಬಡಾವಣೆಯ ನನ್ನ ಫ್ಲಾಟಿಗೆ ಬಂದು ಬಾತ್‌ರೂಮಿನ ಡ್ರಾಯರ್ ಎಳೆದು ನೋಡಿ. ನೋವೇ ಇಲ್ಲ ಎಂದು ಜಾಹೀರಾತಿನವಳು ನಕ್ಕು ಹೇಳಿದ, ಕೂದಲು ಕೀಳುವ ಮಷೀನು. ಅದು ಮೊದಲ ದಿನವೇ ನನ್ನ ಕಣ್ಣಲ್ಲಿ ನೀರು ತರಿಸಿತು. ಗುಲಾಬಿ ಬಣ್ಣದ ರೇಜರುಗಳು, ಗಂಡಸರದ್ದೇ ಮಾಲು, ಬಣ್ಣಕ್ಕೆ ಜಾಸ್ತಿ ದುಡ್ಡು. ಚರ್ಮ ಸುಟ್ಟ ಕ್ರೀಮು. ನನಗೆ ಅಗತ್ಯವೇ ಇಲ್ಲದ ಗಡ್ಡದೆಣ್ಣೆ, ಫೋನಿನಲ್ಲಿ ಬೆರಳು ಜಾರಿ ಬಂದದ್ದಲ್ಲ, ವಾಸನೆ ಚೆನ್ನಾಗಿದೆಯಂತೆ ಎಂದು ತರಿಸಿದ್ದು. ಹೌಜ್ ಖಾಸಿನ ಒಂದು ಕ್ಲಿನಿಕ್ಕಿನಲ್ಲಿ ಲೇಸರ್ ಮಾಡಿಸಿಕೊಂಡೆ. ಆರು ಸಲ ಬನ್ನಿ ಮ್ಯಾಮ್, ಜನ್ಮಪೂರ್ತಿ ಬರಲ್ಲ ಎಂದರು. ವರ್ಷದೊಳಗೆ ಬಂತು. ಪ್ರತಿ ಸಲ ಪ್ಯಾಕೆಟ್ ಒಡೆದು, ಬಳಸಿ, ಡ್ರಾಯರಿಗೆ ಎಸೆದು, ‘ಮೋಸ, ಶುದ್ಧ ಮೋಸ’ ಎಂದು ಬೈದುಕೊಳ್ಳುತ್ತೇನೆ. ಬೈದ ದನಿ ಕಿವಿಗೆ ಬಿದ್ದಾಗ ಅದು ಅಪ್ಪನದೇ. ಆಗ ನನ್ನ ಮೇಲೆ ಬರುವ ಸಿಟ್ಟಿಗೆ ಡ್ರಾಯರನ್ನು ಮಂಡಿಯಿಂದ ಗುದ್ದಿ ಮುಚ್ಚುತ್ತೇನೆ.

ಅಪ್ಪ ಹೋದ ಮೇಲೆ ಅಮ್ಮ ನನ್ನ ಜೊತೆಗೇ ಇದ್ದಾಳೆ. ತಗಡಿನ ಡಬ್ಬವೂ ಬಂತು. ಬೀಗ ಒಡೆಸಿ ನೋಡಿದರೆ ಗಿಳಿಹಸಿರು ತುಂಡಿನಲ್ಲಿ ಸುತ್ತಿದ ರೇಜರ್ ಅಲ್ಲೇ ಇತ್ತು. ಬಿಸಾಡಲಿಲ್ಲ, ಡ್ರಾಯರಿನ ಹಿಂಬದಿಗೆ ತಳ್ಳಿದೆ. ಈ ಚಳಿಗಾಲದಲ್ಲಿ ಅಮ್ಮ ಬಿದ್ದು ಬಲಗೈ ಮುರಿದುಕೊಂಡಳು. ಮಣಿಕಟ್ಟಿನಿಂದ ಮೊಣಕೈವರೆಗೆ ಪ್ಲಾಸ್ಟರು, ಕೊರಳಿಗೆ ಜೋಳಿಗೆ. ಮಾತಾಡಿಸಲು ಬರುತ್ತೇವೆಂದು ಪರಿಚಯದ ಕನ್ನಡದವರು ಫೋನ್ ಮಾಡಿದರೆ ಬೇಡ, ಬೇಡ, ಮಲಗಿದ್ದಾರೆ ಅನ್ನು ಎನ್ನುತ್ತಿದ್ದಳು. ಎರಡು ವಾರ ಹಾಗೇ ಆಯಿತು. ಆಗ ನನಗೆ ಹೊಳೆಯಿತು. ಸೆರಗು ಹಿಡಿಯುವ ಕೈ ಅದು.

ಡ್ರಾಯರಿನಿಂದ ರೇಜರ್ ತೆಗೆದು ಹೊಸ ಬ್ಲೇಡು ಹಾಕಿದೆ. ಬಿಸಿನೀರು, ಟವೆಲ್ಲು, ನನ್ನದೇ ಸೋಪು ತಂದು ಬಾಲ್ಕನಿಯ ಬಿಸಿಲಲ್ಲಿ ಅವಳನ್ನು ಕೂರಿಸಿದೆ. ರೇಜರನ್ನು ಕಂಡಳು. ಗುರುತು ಹತ್ತಿತು. ನಾನು ನೊರೆ ಹಚ್ಚಿದೆ. ಹಚ್ಚುತ್ತಾ ಹಚ್ಚುತ್ತಾ, ಮುರಿದ ಕೈಯ ಮುದುಕಿಯ ಹತ್ತಿರ ಹೀಗೆ ಕೇಳಬಾರದು ಎಂದು ಗೊತ್ತಿದ್ದೂ ಕೇಳಿದೆ:

“ಯಾಕಮ್ಮ ನಂಗೆ ಹೇಳ್ಲಿಲ್ಲ? ನೀನು ಬಚ್ಚಲಲ್ಲಿ ಇದನ್ನೇ ಮಾಡ್ಕೊಂಡು ಬಂದು ನನ್ನ ಮುಖಕ್ಕೆ ಅರಿಶಿನ ಉಜ್ಜಿದೆಯಲ್ಲ. ನಾಲ್ಕು ದಿನ ಹಳದಿ ಮುಖದಲ್ಲಿ ಸ್ಕೂಲಿಗೆ ಹೋದೆ.”

“ನೊರೆ ಬಾಯೊಳಗೆ ಹೋಗ್ತಾ ಇದೆ ನೋಡೇ.”

“ಮಾತು ತಪ್ಪಿಸ್ಬೇಡ.”

ಅಮ್ಮ ಕಣ್ಣು ಮುಚ್ಚಿಕೊಂಡಳು. ನೊರೆಯೊಳಗಿನಿಂದ ಬಾಯಿ ಸಣ್ಣಗೆ ಆಡಿತು.

“ನಾನು ಹೆರ್ಕೊಂಡು ಹೆರ್ಕೊಂಡು ಗಟ್ಟಿ ಆಯ್ತಲ್ಲ, ನಿಂಗಾದ್ರೂ ಅರಿಶಿನದಲ್ಲೇ ಹೋಗ್ಲಿ ಅಂತ. ಆಮೇಲೆ, ಹೇಳೋದು ಹೆಂಗೆ? ಅರ್ಧ ಗಂಟೆ ಬಚ್ಚಲು ನಂಗೇ ಸಿಗ್ತಿದ್ದದ್ದು ಶುಕ್ರವಾರ ಮಾತ್ರ. ಪ್ರತಿ ವಾರ ಆ ಲಕ್ಷ್ಮೀ ತಾಯಿ ಹತ್ರ ತಪ್ಪಾಯ್ತು ಅಂತ ಕೇಳ್ಕೊಂಡೇ ಹಿಡೀತಿದ್ದೆ.”

“ಮೋರೆಗೆ ಹೊಡೆದ್ಯಲ್ಲ.”

“ಹೊಡೆದೆ. ನೀನೂ ಬಿಡ್ಲಿಲ್ಲ.”

ಗಲ್ಲವನ್ನು ಎತ್ತಿ ಹಿಡಿದು, ಆ ಭಾರದ ರೇಜರನ್ನು ಒತ್ತದೆ ಕೆಳಗಿನಿಂದ ಮೇಲಕ್ಕೆ ತಂದೆ. ಚರ್ಮ ಎಷ್ಟು ಮೆತ್ತಗಿತ್ತೆಂದರೆ ಭಯವಾಯಿತು. ಸಿಟ್ಟು ಇಳಿಯಿತು ಎಂದು ಬರೆದರೆ ಓದುವವರಿಗೆ ಹಿತವಾದೀತು, ಆದರೆ ಇಳಿಯಲಿಲ್ಲ. ಅಪ್ಪನ ಮೇಲಿನದು ಹಾಗೇ ಇದೆ, ಕೋಡುಬಳೆ ತಿಂದು ನಕ್ಕವರ ಮೇಲಿನದೂ ಇದೆ, ಅಮ್ಮನ ಮೇಲೆ ಎಷ್ಟು ಉಳಿದಿದೆಯೋ ನನಗೇ ತಿಳಿಯದು. ಒಂದು ಕಡೆಯೂ ಕೊಯ್ಯದೆ ಮುಗಿಸಿ, ಟವೆಲ್ಲಿನಿಂದ ಒತ್ತಿ ಒರೆಸಿದೆ. ಅಮ್ಮ ಎಡಗೈಯಿಂದ ಗಲ್ಲ ಸವರಿಕೊಂಡಳು. ಮತ್ತೆ ಸವರಿಕೊಂಡಳು.

“ಇವತ್ತು ಏನು ವಾರ?”

“ಶುಕ್ರವಾರ.”

“ಇರ್ಲಿ ಬಿಡು. ನಾಳೆ ಬರ್ತೀವಿ ಅಂದೋರಿಗೆ ಬನ್ನಿ ಅನ್ನು.”

ನಾನು ನೀರಿನ ಮಗ್ಗು ಎತ್ತಿಕೊಂಡು ಏಳಲು ಹೋದೆ. ಅಮ್ಮ ಎಡಗೈ ಚಾಚಿ ನನ್ನ ಗಲ್ಲ ಹಿಡಿದಳು. ಬಿಸಿಲಿಗೆ ತಿರುಗಿಸಿದಳು. ಕನ್ನಡಕದ ಮೇಲಿನಿಂದ, ಹುಬ್ಬು ಗಂಟಿಕ್ಕಿ, ಅಕ್ಕಿಯಲ್ಲಿ ಕಲ್ಲು ಹುಡುಕುವವಳ ಹಾಗೆ ನೋಡಿದಳು. ಹದಿಮೂರನೇ ವಯಸ್ಸಿನಲ್ಲಿ, ಶಾಮಣ್ಣ ಅಂಕಲ್ ಮನೆಯಿಂದ ಹತ್ತು ಹೆಜ್ಜೆ ಮುಂದೆ ನಡೆದು ಬಂದ ಆ ಸಂಜೆ, ಅವಳು ಓಡಿ ಬಂದು ಹೀಗೆ ಹಿಡಿಯಲಿ ಎಂದು ಕಾದಿದ್ದ ಗಲ್ಲ ಅದು.

“ಇಲ್ಲೊಂದು ಬಿಟ್ಟಿದ್ದೀಯ ನೋಡು,” ಎಂದಳು.

“ಎಲ್ಲಿ?” ಎಂದು ಕೇಳಿದೆ. ದನಿ ಬಿರುಸಾಗಿಯೇ ಬಂತು. ಮಗ್ಗು ಕೆಳಗಿಟ್ಟು ಅವಳ ಎದುರಿಗೆ ಕೂತೆ.